ಏಳನೇ ಸೀಟಿನ ಸೌಂಡ್ ಕಾರ್ಡು

ರಾಯಚೂರಿನ ಗಂಜ್ ರಸ್ತೆಯಲ್ಲಿರುವ ಶಶಿಕಲಾಳ ಗೇಮಿಂಗ್ ಸೆಂಟರಿಗೆ ಹೋದವರು ಮೊದಲು ಬೈಸಿಕೊಳ್ಳುತ್ತಾರೆ, ಆಮೇಲೆ ಕೂರುತ್ತಾರೆ. ಚಪ್ಪಲಿ ಹೊರಗೆ ಬಿಡಲಿಲ್ಲವೆಂದು ಒಬ್ಬನಿಗೆ, ಎಣ್ಣೆ ಹಚ್ಚಿದ ತಲೆಗೆ ಹೆಡ್‌ಫೋನ್ ಏರಿಸಿದನೆಂದು ಇನ್ನೊಬ್ಬನಿಗೆ, ಮಿರ್ಚಿ ತಿಂದ ಕೈಯಲ್ಲೇ ಮೌಸ್ ಹಿಡಿದನೆಂದು ಮತ್ತೊಬ್ಬನಿಗೆ. ಬೈಸಿಕೊಂಡವರು ಮರುದಿನ ಮತ್ತೆ ಬರುತ್ತಾರೆ. ಊರಿನಲ್ಲಿ ಅಷ್ಟು ಚೆನ್ನಾಗಿ ನಡೆಯುವ ಕಂಪ್ಯೂಟರುಗಳು ಬೇರೆಲ್ಲೂ ಇಲ್ಲ ಎನ್ನುವುದು ಅವರಿಗೂ ಗೊತ್ತು, ಅವಳಿಗೂ ಗೊತ್ತು.

ಅವಳ ಸಿಟ್ಟಿಗೆ ಗುರಿಯಾಗುವ ಅಪರಾಧಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಕಂಪ್ಯೂಟರಿನ ಹಿಂಬದಿಗೆ ಕೈ ಹಾಕುವುದು. ಸೆಂಟರು ಇರುವುದು ಗೊಬ್ಬರದಂಗಡಿಯ ಮಹಡಿಯ ಮೇಲೆ, ಅದರ ಬೆನ್ನಿಗೇ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲು. ದೀಪಾವಳಿ ದಾಟಿ ಹತ್ತಿ ಬರಲು ಶುರುವಾದರೆ ಬೇಸಿಗೆಯವರೆಗೂ ಆ ಓಣಿಯ ಗಾಳಿಯಲ್ಲಿ ಎಳೆ ಹಾರುತ್ತಲೇ ಇರುತ್ತದೆ. ಕಿಟಕಿ ಮುಚ್ಚಿದರೂ ಬರುತ್ತದೆ, ಬಾಗಿಲು ಮುಚ್ಚಿದರೂ ಬರುತ್ತದೆ, ಕಂಪ್ಯೂಟರಿನ ಫ್ಯಾನು ಅದನ್ನೆಲ್ಲ ಒಳಗೆಳೆದುಕೊಂಡು ಹೊಟ್ಟೆಯಲ್ಲಿ ಹಾಸಿಗೆ ಹೊಲಿದುಕೊಳ್ಳುತ್ತದೆ. ಅದಕ್ಕೆ ಶಶಿಕಲಾ ಪ್ರತಿ ಕಂಪ್ಯೂಟರಿನ ಡಬ್ಬಿಯ ಬೆನ್ನಿಗೂ ಹಳೆಯ ಸೀರೆಯ ತೆಳುವಾದ ತುಂಡು ಕಟ್ಟಿದ್ದಳು. ಹೆಡ್‌ಫೋನು, ಪೆನ್‌ಡ್ರೈವು, ಏನಿದ್ದರೂ ಡಬ್ಬಿಯ ಮುಂದಿನ ತೂತಿಗೇ ಚುಚ್ಚಬೇಕು.

"ಹಿಂದಕ್ಕ ಕೈ ಹಾಕಿದ್ರ ಮುರದು ಕೈಯಾಗ ಕೊಡ್ತೀನಿ," ಎಂದು ಹೊಸಬರಿಗೆ ಮೊದಲೇ ಹೇಳಿಬಿಡುತ್ತಿದ್ದಳು.

ಸೀರೆಯ ತುಂಡು ಕಟ್ಟುವುದನ್ನು ಅವಳು ಯಾವ ಕೋರ್ಸಿನಲ್ಲೂ ಕಲಿತದ್ದಲ್ಲ. ಹಿರೇಕೊಟ್ನೆಕಲ್ ಹಳ್ಳಿಯಿಂದ ರಾಯಚೂರಿಗೆ ಬಂದ ಅವ್ವ ಗೋಪಮ್ಮ ಅದೇ ಮಿಲ್ಲಿನಲ್ಲಿ ಕಸ ಗುಡಿಸುತ್ತಿದ್ದಳು, ಅಪ್ಪ ಮೂಕಪ್ಪ ಹತ್ತಿ ಮೂಟೆ ಹೊರುತ್ತಿದ್ದ. ಅವ್ವ ಮೂಗು ಬಾಯಿಗೆ ಹಳೆ ಸೀರೆಯ ಚೂರು ಬಿಗಿದುಕೊಂಡೇ ಕೆಲಸಕ್ಕೆ ಇಳಿಯುತ್ತಿದ್ದಳು. ಆ ಚೂರು ಕಟ್ಟಿಕೊಂಡದ್ದಕ್ಕೆ ಅವ್ವನ ಎದೆ ಉಳಿಯಿತು, ಕಟ್ಟಿಕೊಳ್ಳದ ಅಪ್ಪ ಕೆಮ್ಮಿ ಕೆಮ್ಮಿ ಸತ್ತ. ಕಂಪ್ಯೂಟರಿಗೂ ಒಂದು ಚೂರು ಕಟ್ಟಿದರೆ ತಪ್ಪೇನು ಎನ್ನುವುದು ಮಗಳ ವಾದ.

ಅವಳ ಎರಡನೆಯ ಸಿಟ್ಟು ಒಬ್ಬ ಮನುಷ್ಯನ ಮೇಲೆ. ಹೆಸರು ಮಹಾಂತಯ್ಯ. ರಾಯಚೂರಿನಲ್ಲೊಂದು, ಮಾನ್ವಿಯಲ್ಲೊಂದು ಕಂಪ್ಯೂಟರ್ ಅಂಗಡಿ ಇರುವ ಆಸಾಮಿ. ಡಿಪ್ಲೊಮಾ ಮುಗಿಸಿದ ಶಶಿಕಲಾ ಕೆಲಸಕ್ಕೆ ಸೇರಿದ್ದು ಅವನ ರಾಯಚೂರಿನ ಅಂಗಡಿಯಲ್ಲಿ, ಸೇರಿದ ದಿನದಿಂದ ಬಿಟ್ಟ ದಿನದವರೆಗೂ ಕುಳಿತದ್ದು ಪರದೆಯ ಹಿಂದಿನ ಕೋಣೆಯಲ್ಲಿ. ಕೆಟ್ಟ ಕಂಪ್ಯೂಟರುಗಳು ಮುಂದಿನಿಂದ ಒಳಗೆ ಬರುತ್ತಿದ್ದವು, ಸರಿಯಾಗಿ ಹೊರಗೆ ಹೋಗುತ್ತಿದ್ದವು. ಹೊರಗೆ ಹೋದಮೇಲೆ ಒಂದು ಪೂಜೆ ನಡೆಯುತ್ತಿತ್ತು. ಗಿರಾಕಿಯ ಎದುರು ಮಹಾಂತಯ್ಯ ಸ್ಕ್ರೂಡ್ರೈವರ್ ತೆಗೆದುಕೊಂಡು ಅವಳು ಮುಚ್ಚಿದ ಡಬ್ಬಿಯನ್ನು ಮತ್ತೆ ಬಿಚ್ಚುತ್ತಿದ್ದ. ಒಳಗೆ ಇಣುಕುತ್ತಿದ್ದ. ಒಂದು ವೈರನ್ನು ಬೆರಳಿನಿಂದ ಮುಟ್ಟಿ, "ಹಾಂ, ಈಗ ಸರಿ ಆತು ನೋಡ್ರಿ," ಎಂದು ಮತ್ತೆ ಮುಚ್ಚುತ್ತಿದ್ದ. ಗಿರಾಕಿಯ ಮುಖ ಅರಳುತ್ತಿತ್ತು.

"ಯಾಕ್ರೀ ಅಯ್ನೋರ, ನಾ ಮಾಡಿದ್ದು ಸರಿ ಇರಲಿಲ್ಲೇನು?" ಎಂದು ಅವಳು ಒಮ್ಮೆ ಕೇಳಿದ್ದಳು.

"ಸರೀನೇ ಇರ್ತದ. ಆದ್ರ ಯಾರು ಮಾಡ್ಯಾರ ಅಂತ ಅವರಿಗೆ ಸಮಾಧಾನ ಬೇಕಲ್ಲ," ಎಂದು ಅವನು ನಕ್ಕಿದ್ದ. ಹೆಣ್ಣು ಎಂದೋ, ಅವಳ ಓಣಿಯ ಹೆಸರು ಹಿಡಿದೋ, ಯಾವುದಕ್ಕೆ ಸಮಾಧಾನ ಬೇಕು ಎಂದು ಬಿಡಿಸಿ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಅವಳಿಗೆ ತಿಳಿಯಿತು.

ವರ್ಷಗಟ್ಟಲೆ ಹಲ್ಲು ಕಚ್ಚಿಕೊಂಡು ಕುಳಿತವಳು ಒಂದು ದಿನ ಪರದೆ ಸರಿಸಿ ಹೊರಗೆ ಬಂದಳು. "ಬಿಚ್ಚಬ್ಯಾಡ್ರಿ. ಅದು ನಾನ ಮಾಡೀನಿ, ಸರಿ ಅದ," ಎಂದು ಗಿರಾಕಿಗಳ ಎದುರೇ ಹೇಳಿದಳು. ಮಹಾಂತಯ್ಯನ ಕಣ್ಣು ಕೆಂಪಾದವು. ಅಂದೇ ಅವಳು ಕೆಲಸ ಬಿಟ್ಟಳು. ಅವಳು ಹೊರಡುವಾಗ ಅವನು ಕಪಾಟಿನಿಂದ ಒಂದು ಸೌಂಡ್ ಕಾರ್ಡು ತೆಗೆದು ಕೌಂಟರಿನ ಮೇಲೆ ಎಸೆದ.

"ತಗೋ. ದೊಡ್ಡಾಕಿ ಆಗೀದಿ ಅಲ್ಲ, ಇದನ್ನ ಇಟ್ಕೊಂಡು ಅಂಗಡಿ ತಗಿ."

ನಿಂತವರೆಲ್ಲ ನಕ್ಕರು. ಶಶಿಕಲಾ ಅದನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು. ಬಿಟ್ಟು ಬಂದರೆ ಅವನು ಗೆದ್ದಂತೆ ಎನ್ನಿಸಿತು. ಈ ಕಾರ್ಡಿನಿಂದಲೇ ಇವನ ಹೊಟ್ಟೆ ಉರಿಸದಿದ್ದರೆ ನಾನು ಗೋಪಮ್ಮನ ಮಗಳಲ್ಲ ಎಂದು ದಾರಿಯುದ್ದಕ್ಕೂ ಬೈದುಕೊಂಡು ಬಂದಳು.

ಸೌಂಡ್ ಕಾರ್ಡು ಎಂದರೆ ಏನು ಎನ್ನುವುದನ್ನು ಮಹಾಂತಯ್ಯನೇ ಗಿರಾಕಿಗಳಿಗೆ ಹೇಳುತ್ತಿದ್ದ ರೀತಿಯೊಂದಿತ್ತು. ಎಲ್ಲ ಕಂಪ್ಯೂಟರಿನಲ್ಲೂ ಮದರ್‌ಬೋರ್ಡಿನ ಮೇಲೆಯೇ ಒಂದು ಸಣ್ಣ ಸೌಂಡಿನ ಚಿಪ್ ಇರುತ್ತದೆ. "ಅದು ಕೂಡಿದ ಮನಿ ಇದ್ದಂಗ. ಕರೆಂಟು, ಫ್ಯಾನು, ಎಲ್ಲಾದರ ಗದ್ದಲದಾಗ ಪಾಪ ಸೌಂಡು ಒಂದು ಮೂಲ್ಯಾಗ ಕುಂತಿರ್ತದ. ಕಾರ್ಡು ಅಂದ್ರ ಸೌಂಡಿಗೆ ಬ್ಯಾರೆ ಮನಿ ಮಾಡಿ ಕೊಟ್ಟಂಗ. ಕಾರ್ಡಿಲ್ಲದ ಗೇಮ್ ಆಡೋದು ಅಂದ್ರ ಕಿವುಡರು ಆಟ ಆಡಿದಂಗ್ರೀ," ಎನ್ನುತ್ತಿದ್ದ. ಹಾಗೆ ಹೇಳಿ ಹೇಳಿ ಅವನು ರಾಶಿ ಕಾರ್ಡು ಮಾರಿದ್ದ. ಮೂಲೆಯ ಸೌಂಡು ಈಚಿನ ಬೋರ್ಡುಗಳಲ್ಲಿ ಸಾಕಷ್ಟು ಚೆನ್ನಾಗಿಯೇ ಇರುತ್ತದೆ ಎಂದು ಮಾತ್ರ ಯಾರಿಗೂ ಹೇಳಲಿಲ್ಲ.

ಅವಳು ಸ್ವಂತ ಸೆಂಟರು ತೆರೆದಾಗ ಏಳನೇ ಸೀಟಿನ ಕಂಪ್ಯೂಟರಿಗೆ ಆ ಕಾರ್ಡು ಹಾಕಿದಳು. ಹಾಕಿದ ಕೂಡಲೇ ಕಾರ್ಡಿನ ಮೇಲಿನ ನೀಲಿ ದೀಪ ಹೊತ್ತಿಕೊಂಡಿತು, ಪರದೆಯ ಮೇಲೆ ಕಾರ್ಡಿನ ಹೆಸರು ಮೂಡಿತು. ಡಬ್ಬಿಯ ಬೆನ್ನನ್ನು ಗೋಡೆಯ ಕಡೆ ತಿರುಗಿಸಿ, ಅದಕ್ಕೆ ಸೀರೆ ತುಂಡು ಕಟ್ಟಿ, ಹೆಡ್‌ಫೋನನ್ನು ಎಂದಿನಂತೆ ಮುಂದಿನ ತೂತಿಗೆ ಚುಚ್ಚಿದಳು. ಏನು ಚುಚ್ಚಿದಿರಿ ಎಂದು ಪರದೆ ಕೇಳಿತು. ಹೆಡ್‌ಫೋನು ಎಂದು ಒತ್ತಿದಳು. ಸೌಂಡು ಬಂತು.

ಎಂಥ ಸೌಂಡು! ಆಟದೊಳಗೆ ಗಾಜು ಒಡೆದರೆ ಚೂರು ಚೂರು ಎಣಿಸುವಂತಿದೆ ಎನ್ನಿಸಿತು ಅವಳಿಗೆ. ಪಕ್ಕದ ಸೀಟಿನಲ್ಲಿ ಕೇಳಿ ನೋಡಿದಳು, ಅಲ್ಲಿ ಮಂಕು. ಮತ್ತೆ ಏಳನೇ ಸೀಟಿನಲ್ಲಿ ಕೇಳಿದಳು, ಇಲ್ಲಿ ಬೆಳಕು. ಅವಳ ಕಿವಿ ಸುಳ್ಳು ಹೇಳಿತು ಎನ್ನಲಾರೆ, ಸಿಟ್ಟು ಆ ಕಿವಿಯೊಳಗೆ ಕುಳಿತು ಕೇಳುತ್ತಿತ್ತು ಅಷ್ಟೆ. ನೀಲಿ ದೀಪ ಕಾಣುವ ಡಬ್ಬಿಯ ಪಕ್ಕದ ಗಾಜಿನ ಮೇಲೆ 'ಸೌಂಡ್ ಕಾರ್ಡ್ ಮಷೀನು' ಎಂದು ಬರೆದಳು, ಆ ಸೀಟಿಗೆ ಉಳಿದವಕ್ಕಿಂತ ಹೆಚ್ಚು ಬಾಡಿಗೆ ಇಟ್ಟಳು. ಬಂದವರೂ ನೀಲಿ ದೀಪ ನೋಡಿ, ಹೆಡ್‌ಫೋನು ಹಾಕಿ, "ಆಹಾ, ಫರಕ್ ಗೊತ್ತಾಗ್ತದ ನೋಡು," ಎಂದು ತಲೆದೂಗಿದರು. ಹೆಚ್ಚು ಬಾಡಿಗೆ ಕೊಟ್ಟವರಿಗೆ ಫರಕು ಗೊತ್ತಾಗದೆ ಹೇಗೆ?

ಮಲ್ಲಿಕಾ ಬಂದದ್ದು ಆ ಸೀಟಿಗಾಗಿ. ದೇವದುರ್ಗದ ಅರಕೇರಾದ ಹುಡುಗಿ. ಅಪ್ಪ ಬೂದೆಪ್ಪ, ಅವ್ವ ಗದ್ದೆಮ್ಮ ವರ್ಷದ ಅರ್ಧ ಬೆಂಗಳೂರಿನ ಕಟ್ಟಡದ ಕೆಲಸದಲ್ಲಿ, ಅರ್ಧ ಊರಲ್ಲಿ. ಇವಳು ರಾಯಚೂರಿನ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಳು. ಮಧ್ಯಾಹ್ನ ಸೆಂಟರು ಖಾಲಿ ಇರುವ ಹೊತ್ತು ನೋಡಿ ಬರುತ್ತಿದ್ದಳು, ಏಳನೇ ಸೀಟಿನಲ್ಲಿ ಯಾರಾದರೂ ಇದ್ದರೆ ಬೇರೆ ಸೀಟು ಖಾಲಿಯಿದ್ದರೂ ನಿಂತೇ ಕಾಯುತ್ತಿದ್ದಳು.

"ಹಾಸ್ಟೆಲಿನ ಊಟ ಬಿಟ್ಟು ಇಲ್ಲಿ ಕಂಬದಂಗ ನಿಂದರ್ತೀಯಲ್ಲ, ಬ್ಯಾರೆ ಸೀಟಿಗೆ ಏನು ಮುಳ್ಳು ಅದಾವೇನು?" ಎಂದು ಶಶಿಕಲಾ ಗದರುತ್ತಿದ್ದಳು.

"ಅದರಾಗ ಹೆಜ್ಜಿ ಸಪ್ಪಳ ಛಲೋ ಕೇಳ್ತದ್ರಿ ಅಕ್ಕಾ," ಎನ್ನುತ್ತಿದ್ದಳು ಮಲ್ಲಿಕಾ.

ಅವಳು ಆಡುತ್ತಿದ್ದುದು ಬಂದೂಕಿನ ಆಟ. ಆ ಆಟದಲ್ಲಿ ಎದುರಾಳಿ ಕಾಣಿಸುವ ಮೊದಲು ಕೇಳಿಸುತ್ತಾನೆ. ಮರದ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ಒಂದು ಬಗೆ, ಕಲ್ಲಿನ ಮೇಲೆ ಇನ್ನೊಂದು ಬಗೆ, ಎಡಗಿವಿಗೆ ಬಂದರೆ ಎಡಕ್ಕಿದ್ದಾನೆ, ಎರಡೂ ಕಿವಿಗೆ ಸಮ ಬಂದರೆ ನೇರ ಎದುರು ಅಥವಾ ಬೆನ್ನಿಗೆ. ಮಲ್ಲಿಕಾ ಎದುರಾಳಿ ಬಾಗಿಲಿಗೆ ಬರುವ ಮೊದಲೇ ಬಂದೂಕನ್ನು ಆ ಬಾಗಿಲಿಗೆ ಹಿಡಿದು ಕೂರುತ್ತಿದ್ದಳು. ಹೊಲದಲ್ಲಿ ಹಂದಿ ಕಾಯ್ದು ಕಿವಿ ಅಷ್ಟು ಚುರುಕಾಗಿದೆ ಎಂದು ಆಮೇಲೆ ಕೆಲವರು ಕಥೆ ಕಟ್ಟಿದರು. ಸುಳ್ಳು. ಅವಳು ಹಂದಿ ಕಾಯಲಿಲ್ಲ, ಏನೂ ಕಾಯಲಿಲ್ಲ. ಆಡಿ ಆಡಿ, ಸೋತು ಸೋತು ಕಲಿತಳು. ಹಳ್ಳಿಯ ಹುಡುಗಿಗೆ ಅಷ್ಟು ಸರಳವಾಗಿ ಏನಾದರೂ ಬಂದರೆ ಜನಕ್ಕೆ ನಂಬಿಕೆ ಬರುವುದಿಲ್ಲ, ಅದಕ್ಕೆ ಹಂದಿ ಬೇಕಾಗುತ್ತದೆ.

ಕೇಬಲ್ ಟಿವಿ ನಡೆಸುವ ಮುಕರ್ರಂ ಒಂದು ಸ್ಪರ್ಧೆ ಇಟ್ಟ. ರಾಯಚೂರು, ಮಾನ್ವಿ, ದೇವದುರ್ಗದ ಆಟಗಾರರಿಗೆಲ್ಲ ಆಹ್ವಾನ, ಒಬ್ಬರಿಗೆ ಒಬ್ಬರು ಎದುರಾಗುವ ಆಟ, ಗೆದ್ದವರೊಬ್ಬರಿಗೆ ಕಲಬುರಗಿಯ ದೊಡ್ಡ ಸ್ಪರ್ಧೆಯಲ್ಲಿ ಜಾಗ. ಅಷ್ಟು ಕಂಪ್ಯೂಟರು ಒಂದೇ ಕಡೆ ಇದ್ದದ್ದು ಶಶಿಕಲಾಳ ಸೆಂಟರಿನಲ್ಲಿ ಮಾತ್ರ, ಹಾಗಾಗಿ ಆಟ ಅಲ್ಲೇ. ಮಾನ್ವಿಯ ಆಟಗಾರರನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದವನು ಮಹಾಂತಯ್ಯ. ಕಾರಿನ ಹಿಂದೆ ಸೌಂಡ್ ಕಾರ್ಡಿನ ಪೆಟ್ಟಿಗೆಗಳನ್ನೂ ತುಂಬಿಕೊಂಡು ಬಂದು, ಶಶಿಕಲಾಳ ಮೆಟ್ಟಿಲ ಬುಡದಲ್ಲೇ ಮೇಜು ಹಾಕಿ ಜೋಡಿಸಿದ.

"ನನ್ನ ಬಾಗಲಾಗ ನಿಮ್ಮ ಸಂತಿ ಯಾಕ್ರೀ?" ಎಂದು ಶಶಿಕಲಾ ಮೇಲಿನಿಂದಲೇ ಕೂಗಿದಳು.

"ರಸ್ತಾ ನಿಮ್ಮಪ್ಪಂದೇನು?" ಎಂದ ಅವನು, ತಲೆಯೆತ್ತದೆ. ಅವಳ ಮೈಯೆಲ್ಲ ಉರಿಯಿತು. ಮುಕರ್ರಂ ನಡುವೆ ಬರದಿದ್ದರೆ ಮೇಲಿನಿಂದ ಒಂದು ಕೊಡ ನೀರು ಇಳಿಯುವುದಿತ್ತು.

ಮೊದಮೊದಲ ಆಟಗಳು ಬೇಗ ಮುಗಿದವು. ಕೊನೆಗೆ ಉಳಿದವರು ಮಲ್ಲಿಕಾ ಮತ್ತು ಮಾನ್ವಿಯ ಅಂಬರೇಶ. ಅಂಬರೇಶ ಕೂಲರಿನ ಗಾಳಿ ಬರುತ್ತದೆಂದು ಒಂದನೇ ಸೀಟು ಆರಿಸಿಕೊಂಡ, ಮಲ್ಲಿಕಾ ತನ್ನ ಏಳನೇ ಸೀಟಿಗೆ ಹೋಗಿ ಕುಳಿತಳು. ಆಗ ಮಹಾಂತಯ್ಯ ಅಲ್ಲೇ ನಿಂತಿದ್ದ. ಗಾಜಿನ ಮೇಲಿನ ಬರಹ ಓದಿದ, ನೀಲಿ ದೀಪ ನೋಡಿದ, ತುಟಿ ಪಿಟಕ್ಕೆನ್ನಲಿಲ್ಲ.

ಅಂಬರೇಶ ಕೆಟ್ಟ ಆಟಗಾರನಲ್ಲ. ಆದರೆ ಅವನು ಎಲ್ಲಿಂದ ಬಂದರೂ ಅವಳು ಅಲ್ಲಿಗೆ ಮೊದಲೇ ತಿರುಗಿರುತ್ತಿದ್ದಳು. ಅವನು ಹೆಜ್ಜೆ ತೂಗಿ ಇಡಲು ಶುರು ಮಾಡಿದ, ನಿಂತು ನಿಂತು ಬಂದ, ಆಗ ಅವಳೇ ಹುಡುಕಿಕೊಂಡು ಹೋಗಿ ಹೊಡೆದಳು. ಆಟ ಮುಗಿದಾಗ ದೇವದುರ್ಗದಿಂದ ಬಂದವರು ಮೇಜು ಬಡಿದು ಕುಣಿದರು. ಮಲ್ಲಿಕಾ ಹೆಡ್‌ಫೋನು ಕೊರಳಿಗಿಳಿಸಿ ಬೆವರು ಒರೆಸಿಕೊಂಡಳು.

ಆಗ ಬಾಯಿ ತೆಗೆದ ಮಹಾಂತಯ್ಯ. "ಮುಕರ್ರಂ ಭಾಯಿ, ಇದು ನಡೆಂಗಿಲ್ಲ. ಆ ಮಷೀನಿನಾಗ ಸೌಂಡ್ ಕಾರ್ಡು ಅದ, ನಮ್ಮ ಹುಡುಗನ ಮಷೀನಿನಾಗ ಬರೇ ಬೋರ್ಡಿನ ಸೌಂಡು. ಗೆದ್ದಿದ್ದು ಹುಡುಗಿ ಅಲ್ಲ, ಕಾರ್ಡು."

"ಸೀಟು ನಿಮ್ಮವನೇ ಆರಿಸ್ಯಾನಲ್ರೀ!" ಎಂದಳು ಶಶಿಕಲಾ.

"ನೀನ ಬರದೀದಿ ನೋಡು ಗಾಜಿನ ಮ್ಯಾಲ. ಹೆಚ್ಚು ಬಾಡಗಿ ತಗೋತೀದಿ. ಫರಕ್ ಇಲ್ಲದ ಯಾಕ ತಗೋತೀದಿ? ಹೇಳು, ಫರಕ್ ಅದನೋ ಇಲ್ಲೋ?"

ಶಶಿಕಲಾ ಗಾಜಿನ ಮೇಲಿನ ತನ್ನ ಬರಹದತ್ತ ನೋಡಿದಳು. ಇದೆ ಎಂದರೆ ಮಲ್ಲಿಕಾಳ ಗೆಲುವು ಹೋಯಿತು, ಇಲ್ಲ ಎಂದರೆ ತನ್ನ ಮಾನ ಹೋಯಿತು. ಕಿಡಿಗೇಡಿ ಎಂಥ ಕಡೆ ಹಿಡಿದ! ಕೆಳಗೆ ಮೇಜಿನ ಬಳಿ ಆಗಲೇ ಇಬ್ಬರು ಪೆಟ್ಟಿಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಹುಡುಗಿಯನ್ನೇ ಗೆಲ್ಲಿಸಿದ ಕಾರ್ಡು ಎಂದಮೇಲೆ ಯಾರಿಗೆ ಬೇಡ? ಗೆಲುವು ಮಾನ್ವಿಗೆ ಹೋದರೂ ಅವನಿಗೆ ಲಾಭ, ಹೋಗದಿದ್ದರೂ ಲಾಭ.

ಮುಕರ್ರಂ ತಲೆ ಕೆರೆದುಕೊಂಡು ತೀರ್ಪು ಕೊಟ್ಟ. "ಶಶಿಕಲಾ ಬೆಹೆನ್, ಕಾರ್ಡು ತಗದುಬಿಡ್ರಿ. ಇನ್ನೊಮ್ಮಿ ಆಡಲಿ. ಝಗಡಾ ಬ್ಯಾಡ."

"ನಾ ಆಡಂಗಿಲ್ಲ," ಎಂದಳು ಮಲ್ಲಿಕಾ. ಅವಳ ದನಿ ನಡುಗುತ್ತಿತ್ತು, ಆದರೆ ಕುರ್ಚಿ ಬಿಟ್ಟು ಏಳಲಿಲ್ಲ. "ನಾ ಗೆದ್ದೀನಿ. ಮತ್ತ ಯಾಕ ಆಡ್ಲಿ?"

"ಆಡ್ಲಿಲ್ಲ ಅಂದ್ರ ಅಂಬರೇಶ ಹೋಗ್ತಾನ ಕಲಬುರಗಿಗೆ," ಎಂದ ಮಹಾಂತಯ್ಯ, ನಗುತ್ತ. "ಆಟ ಬರ್ತಿದ್ರ ಹೆದರಿಕಿ ಯಾಕ ಬೇ?"

ಶಶಿಕಲಾ ಸ್ಕ್ರೂಡ್ರೈವರ್ ಹಿಡಿದು ಏಳನೇ ಸೀಟಿನ ಹಿಂದೆ ತೂರಿ ಮೊಣಕಾಲೂರಿದಳು. ಸೀರೆ ತುಂಡಿನ ದಾರ ಬಿಚ್ಚಿದಳು. ಸೆಂಟರು ತೆರೆದಂದಿನಿಂದ ಆ ಡಬ್ಬಿಯ ಬೆನ್ನನ್ನು ಅವಳು ಬಿಚ್ಚಿರಲಿಲ್ಲ. ಯಾಕೆ ಬಿಚ್ಚಬೇಕು? ಒಂದು ದಿನವೂ ಕೆಟ್ಟಿರಲಿಲ್ಲ. ಮೊಬೈಲಿನ ಬೆಳಕು ಬಿಟ್ಟು ಕಾರ್ಡಿನ ಸ್ಕ್ರೂ ಹುಡುಕಿದಳು.

ಬಟ್ಟೆಯ ಸಂದಿಯಲ್ಲೂ ನುಸುಳಿದ ಹತ್ತಿ ಕಾರ್ಡಿನ ಬೆನ್ನ ಮೇಲೆ ಕುಳಿತಿತ್ತು. ಹೆಡ್‌ಫೋನು ಚುಚ್ಚುವ ತೂತುಗಳು ಅಲ್ಲಿ ಸಾಲಾಗಿದ್ದವು. ಎಲ್ಲವೂ ಖಾಲಿ. ಪ್ರತಿ ತೂತಿನ ಬಾಯಿಗೂ ಎಳೆ ಗಿಡಿದು ದೀಪದ ಬತ್ತಿಯಂತೆ ಗಟ್ಟಿಯಾಗಿತ್ತು.

ಅವಳ ಕೈ ನಿಂತಿತು. ಕಾರ್ಡಿನ ಸೌಂಡು ಬರುವುದು ಕಾರ್ಡಿನ ತೂತಿನಿಂದ. ಮುಂದಿನ ತೂತಿನ ವೈರು ಹೋಗುವುದು ಮದರ್‌ಬೋರ್ಡಿಗೆ. ಇದನ್ನು ಅವಳು ಮಹಾಂತಯ್ಯನ ಪರದೆಯ ಹಿಂದೆ ಕುಳಿತು ಎಷ್ಟು ಡಬ್ಬಿಗಳಿಗೆ ತಾನೇ ಜೋಡಿಸಿರಲಿಲ್ಲ! ತನ್ನ ಸೆಂಟರಿನಲ್ಲಿ, ತನ್ನ ನಿಯಮದಂತೆ, ಎಲ್ಲರೂ ಮುಂದಿನಿಂದಲೇ ಚುಚ್ಚಿದರು. ಏಳನೇ ಸೀಟಿನಲ್ಲಿ ಕುಳಿತ ಒಬ್ಬರೂ ಇಲ್ಲಿಯವರೆಗೆ ಕಾರ್ಡಿನ ಸೌಂಡು ಕೇಳಿಲ್ಲ. ತಾನೂ ಕೇಳಿಲ್ಲ. ಗಾಜು ಒಡೆದದ್ದು, ಬೆಳಕು, ಫರಕು, ಎಲ್ಲ ಬೋರ್ಡಿನ ಮೂಲೆಯಲ್ಲಿ ಕುಳಿತ ಅದೇ ಸಣ್ಣ ಚಿಪ್ಪಿನದು, ಉಳಿದ ಎಲ್ಲ ಸೀಟುಗಳಲ್ಲೂ ಇದ್ದದ್ದು.

ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಥೂ ನಿನ್ನ ಎಂದು ತನ್ನನ್ನೇ ಉಗಿದುಕೊಂಡಳು. ಗೋಡೆಗೂ ಡಬ್ಬಿಗೂ ನಡುವಿನ ಆ ಸಂದಿಯಲ್ಲಿ ಇದು ಅವಳೊಬ್ಬಳಿಗೆ ಗೊತ್ತು. ಸ್ಕ್ರೂ ಬಿಚ್ಚಿ, ಕಾರ್ಡು ಕಿತ್ತು ಜೇಬಿಗಿಟ್ಟುಕೊಂಡರೆ ಮುಗಿಯಿತು. ಹುಡುಗಿಯನ್ನು ಒಪ್ಪಿಸಿದರೆ ಆಡುತ್ತಾಳೆ. ಗೆದ್ದರೂ ಗೆಲ್ಲಬಹುದು. ಯಾರಿಗೂ ಏನೂ ತಿಳಿಯುವುದಿಲ್ಲ.

"ಏನಾತು, ಒಂದು ಸ್ಕ್ರೂ ಬಿಚ್ಚಾಕ ಬರವಲ್ದೇನು?" ಮಹಾಂತಯ್ಯನ ದನಿ ಮೇಲಿನಿಂದ ಬಂತು. "ಸರಿ, ನಾನ ಬಿಚ್ಚಿ ಎಲ್ಲಾರಿಗೂ ತೋರಸ್ತೀನಿ. ಆಕಡಿ ಸರಿ."

ಸ್ಕ್ರೂಡ್ರೈವರ್ ಹಿಡಿಯಲು ಚಾಚಿದ ಅವನ ಕೈ ಅವಳ ತಲೆಯ ಮೇಲೆ ಕಾಣಿಸಿತು. ಗಿರಾಕಿಗಳ ಎದುರು ಚಾಚುತ್ತಿದ್ದ ಅದೇ ಕೈ.

"ಮುಟ್ಟಿದ್ರ ನೋಡ್ರಿ!" ಎಂದು ಎದ್ದಳು ಶಶಿಕಲಾ. ಇಡೀ ಡಬ್ಬಿಯನ್ನು ವೈರು ಸಮೇತ ಎಳೆದು, ಬೆನ್ನು ಜನರ ಕಡೆಗೆ ಬರುವಂತೆ ಮೇಜಿನ ಮೇಲೆ ತಿರುಗಿಸಿಟ್ಟಳು. "ನೋಡ್ರಿ ಎಲ್ಲಾರೂ. ಇದು ಕಾರ್ಡು. ಇವು ಕಾರ್ಡಿನ ತೂತು. ಹೆಡ್‌ಫೋನು ಎಲ್ಲಿ ಅದ? ಮುಂದ ಅದ. ಮುಂದಿಂದು ಎಲ್ಲಿಗೆ ಹೋಗ್ತದ? ಬೋರ್ಡಿಗೆ ಹೋಗ್ತದ. ಈ ಹುಡುಗಿ ಕೇಳಿದ್ದು ಬೋರ್ಡಿನ ಸೌಂಡು. ನಿಮ್ಮ ಹುಡುಗ ಕೇಳಿದ್ದೂ ಬೋರ್ಡಿನ ಸೌಂಡು. ಈ ಕಾರ್ಡಿನ ಸೌಂಡು ಇಲ್ಲಿತನಕ ಯಾರೂ ಕೇಳಿಲ್ಲ. ನಾನೂ ಕೇಳಿಲ್ಲ."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದಮೇಲೆ ಎಲ್ಲರೂ ಒಮ್ಮೆಲೇ ಕೂಗಿದರು. ಅವಳ ಗಿರಾಕಿಗಳೇ ಮೊದಲು ತಿರುಗಿಬಿದ್ದರು. ಮತ್ತೆ ನಮ್ಮ ಹತ್ತಿರ ಹೆಚ್ಚು ಬಾಡಿಗೆ ಯಾಕೆ ಕಿತ್ತಿರಿ ಎಂದು ಒಬ್ಬ, ದಿನಾ ಬೈದು ಬೈದು ಮೋಸ ಮಾಡಿದಳು ನೋಡು ಎಂದು ಇನ್ನೊಬ್ಬ. ಮಲ್ಲಿಕಾ ಕುರ್ಚಿಯಿಂದ ಎದ್ದು ಬಂದು ಕಾರ್ಡಿನ ಬೆನ್ನನ್ನು ನೋಡಿದಳು, ಶಶಿಕಲಾಳ ಮುಖ ನೋಡಿದಳು, ಹಿಂದೆ ಸರಿದಳು.

"ಸುಳ್ಳು!" ಎಂದು ಮಾನ್ವಿಯವನೊಬ್ಬ ಕೂಗಿದ. "ಈಗ ಕೆಳಗ ಕುಂತಾಗ ವೈರು ಕಿತ್ತಾಳ!"

ಶಶಿಕಲಾ ತಲೆಯಿಂದ ಪಿನ್ನು ಕಿತ್ತು ಒಂದು ತೂತಿನೊಳಗಿಂದ ಹತ್ತಿಯನ್ನು ಎಳೆದಳು. ಅದು ಗಟ್ಟಿ ತುಂಡಾಗಿಯೇ ಹೊರಗೆ ಬಂತು. ಅದನ್ನು ಕೂಗಿದವನ ಅಂಗೈಗೆ ಇಟ್ಟಳು. "ಈಗ ತುಂಬೀನೇನು ಇದನ್ನ?" ಖಾಲಿಯಾದ ತೂತಿಗೆ ಹೆಡ್‌ಫೋನು ಚುಚ್ಚಿ, ಪರದೆಯಲ್ಲಿ ಕಾರ್ಡಿನ ಹೆಸರು ಆರಿಸಿ, ಹೆಡ್‌ಫೋನನ್ನು ಅಂಬರೇಶನಿಗೆ ಕೊಟ್ಟಳು. "ಕೇಳಪಾ. ನಿಮ್ಮ ಸಾಹುಕಾರ್ರು ಹೇಳೋ ಫರಕ್ ಎಷ್ಟದ ಅಂತ ನೀನ ಹೇಳು."

ಅಂಬರೇಶ ಹಾಕಿಕೊಂಡ. ಹುಬ್ಬು ಗಂಟಿಕ್ಕಿದ. ಹೆಡ್‌ಫೋನನ್ನು ಒತ್ತಿಕೊಂಡ. "ಏನೂ ಬರವಲ್ದು," ಎಂದ.

ಶಶಿಕಲಾ ಗಾಬರಿಯಿಂದ ಪರದೆ ನೋಡಿದಳು. ಹೆಸರು ಸರಿಯಿತ್ತು, ನೀಲಿ ದೀಪ ಉರಿಯುತ್ತಿತ್ತು. ಉಳಿದ ತೂತುಗಳನ್ನೂ ಬಿಡಿಸಿ ಚುಚ್ಚಿ ನೋಡಿದಳು. ಅವನು ತಲೆಯಾಡಿಸಿದ.

ಮಹಾಂತಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಇಷ್ಟು ವರ್ಷ ಕಾದಿದ್ದ ನಗು ಅದು, ತಡೆಯಲು ಅವನಿಂದ ಆಗಲಿಲ್ಲ. "ಎಲ್ಲಿ ಬರ್ತದ? ಅದು ಸುಟ್ಟ ಕಾರ್ಡು! ಬರೇ ದೀಪ ಹತ್ತತದ. ಗಿರಾಕಿ ವಾಪಸ್ ಕೊಟ್ಟಿದ್ದನ್ನ ನಾನ ಈಕಿಗೆ ಒಗದೀನಿ. ಸುಟ್ಟ ಕಾರ್ಡು ಇಟ್ಕೊಂಡು, ಗಾಜಿನ ಮ್ಯಾಲ ಹೆಸರು ಬರಕೊಂಡು, ಮ್ಯಾಲ ಬಾಡಗಿ ಬ್ಯಾರೆ! ನೋಡ್ರಿ ನಿಮ್ಮ ಇಂಜಿನಿಯರನ್ನ! ಇದಕ್ಕ ನಾ ಈಕಿ ಮಾಡಿದ್ದೆಲ್ಲಾ ಮತ್ತೊಮ್ಮಿ ಬಿಚ್ಚಿ ನೋಡ್ತಿದ್ದೆ."

ಕೆಲವರು ಅವನ ಜೊತೆ ನಕ್ಕರು. ಶಶಿಕಲಾ ಉರಿಯುತ್ತಿದ್ದ ನೀಲಿ ದೀಪವನ್ನು ನೋಡಿದಳು. ಸುಟ್ಟದ್ದು. ಅದನ್ನು ಚೀಲಕ್ಕೆ ಹಾಕಿಕೊಂಡು ಬರುವಾಗ ಅವನು ಬೆನ್ನ ಹಿಂದೆ ಹೀಗೇ ನಕ್ಕಿದ್ದ. ಅವನೆದುರು ಅಳುವುದಕ್ಕಿಂತ ಸಾಯುವುದು ಲೇಸು ಎಂದು ಮೇಜಿನ ಅಂಚು ಹಿಡಿದು ನಿಂತಳು.

ಮುಕರ್ರಂ ನಗಲಿಲ್ಲ. ಕೈಯಲ್ಲಿದ್ದ ಮೈಕನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ಸ್ವಾಮೇರ, ಒಂದು ಮಿನಿಟು. ಅದು ಸುಟ್ಟದ ಅಂತ ನಿಮಗ ಮೊದಲಾ ಗೊತ್ತಿತ್ತಾ?"

"ಗೊತ್ತಿಲ್ಲದ ಏನು, ನನ್ನ ಕೈಯಾರೆ..." ಎಂದು ಮಹಾಂತಯ್ಯ ಅಲ್ಲಿಗೇ ನಿಲ್ಲಿಸಿದ.

"ಸುಟ್ಟ ಕಾರ್ಡು ಹುಡುಗೀನ ಹೆಂಗ ಗೆಲ್ಲಿಸ್ತದ್ರೀ?"

ಅವನ ಬಾಯಿಯ ನಗು ಹಾಗೇ ಉಳಿಯಿತು, ಮುಖದ ಉಳಿದ ಭಾಗ ಬದಲಾಯಿತು. ಅಂಬರೇಶ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟು, ಅವನತ್ತ ನೋಡದೆ ಮೆಟ್ಟಿಲಿಳಿದು ಹೋದ. ಕೆಳಗೆ ಪೆಟ್ಟಿಗೆ ಹಿಡಿದು ನಿಂತಿದ್ದವರು ಅದನ್ನು ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡರು. ಮುಕರ್ರಂ ಮೈಕಿನಲ್ಲಿ ಮಲ್ಲಿಕಾಳ ಹೆಸರು ಕೂಗಿದ, ಅರಕೇರಾ ಎಂದು ಊರಿನ ಹೆಸರನ್ನೂ ಸೇರಿಸಿದ. ಇನ್ನೊಮ್ಮೆ ಆಡುವ ಮಾತು ಯಾರೂ ಎತ್ತಲಿಲ್ಲ.

ಮಹಾಂತಯ್ಯ ಆ ದಿನ ಸೋತ, ಆದರೆ ಅಂಥವರು ಸೋತು ಸುಮ್ಮನಿರುವುದಿಲ್ಲ. ಮಾನ್ವಿಯಿಂದ ದೇವದುರ್ಗದವರೆಗೆ ಸುಟ್ಟ ಕಾರ್ಡಿನ ಕಥೆ ಹಬ್ಬಿಸಿದ, ತನ್ನ ಭಾಗ ಬಿಟ್ಟು. ಶಶಿಕಲಾಳ ಸೆಂಟರಿನಲ್ಲಿ ಅರ್ಧ ಸೀಟು ಖಾಲಿ ಬಿದ್ದವು. ಹೆಚ್ಚು ಬಾಡಿಗೆ ಕೊಟ್ಟಿದ್ದವರು ಬಂದು ಜಗಳಕ್ಕೆ ನಿಂತರು, ಅವಳು ಅವರನ್ನು ಬೈದುಕೊಂಡೇ ಬಿಟ್ಟಿಯಾಗಿ ಆಡಿಸಿ ಲೆಕ್ಕ ತೀರಿಸಿದಳು. ಗಾಜಿನ ಮೇಲಿನ ಬರಹವನ್ನು ಬ್ಲೇಡಿನಿಂದ ಕೆರೆದಳು. ಕಾರ್ಡನ್ನು ಕಿತ್ತು ಒಂದು ಬೆಳಿಗ್ಗೆ ಮಹಾಂತಯ್ಯನ ಅಂಗಡಿಗೆ ಹೋಗಿ, ಗಿರಾಕಿಗಳು ತುಂಬಿದ್ದ ಹೊತ್ತಿನಲ್ಲೇ ಕೌಂಟರಿನ ಮೇಲೆ ಎಸೆದು ಬಂದಳು. ಅವನ ಮುಖ ನೋಡಲು ನಿಲ್ಲಲಿಲ್ಲ.

ಮಲ್ಲಿಕಾ ಮಾತ್ರ ಸೆಂಟರಿನ ಕಡೆ ಬರಲೇ ಇಲ್ಲ. ಕಲಬುರಗಿಗೆ ಹೊರಡುವ ದಿನ ಯಾರೂ ಕರೆಯದಿದ್ದರೂ ಶಶಿಕಲಾ ಬಸ್‌ ನಿಲ್ದಾಣಕ್ಕೆ ಹೋದಳು. ಹುಡುಗಿ ಕಿಟಕಿಯ ಸೀಟಿನಲ್ಲಿ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಇವಳನ್ನು ನೋಡಿ ಮುಖ ಬೇರೆ ಕಡೆ ತಿರುಗಿಸಿದಳು.

"ಸಿಟ್ಟೇನು?" ಎಂದಳು ಶಶಿಕಲಾ.

"ಮತ್ತೇನ್ರಿ? ಆ ಸೀಟಿಗೆ ಎಷ್ಟು ದಿನ ಉಪಾಸ ನಿಂತೀನಿ ನಾನು. ಕಾರ್ಡು ಇಲ್ಲದ ನನಗ ಆಟ ಬರಂಗಿಲ್ಲ ಅಂತ ಅನ್ಕೊಂಡಿದ್ದೆ. ಗೆದ್ದ ದಿನಾನೂ ಒಳಗ ಅದ ಹೆದರಿಕಿ ಇತ್ತು. ಅದಕ್ಕ ಮತ್ತ ಆಡಂಗಿಲ್ಲ ಅಂದೆ." ಮಲ್ಲಿಕಾಳ ಕಣ್ಣು ತುಂಬಿದವು, ಅವಳು ಅದನ್ನು ಸಿಟ್ಟಿನಿಂದಲೇ ಒರೆಸಿಕೊಂಡಳು. "ನೀವರ ಸುಮ್ಮನ ಕಾರ್ಡು ತಗದು ಕೊಡಬೇಕಿತ್ತಿಲ್ರಿ? ಬೈದು ಕುಂದರಿಸಿದ್ರ ನಾ ಆಡ್ತಿದ್ದೆ. ಇನ್ನೊಮ್ಮಿ ಗೆದ್ದು ತೋರಸ್ತಿದ್ದೆ. ನಿಮ್ಮ ಮಾನಾನೂ ಉಳೀತಿತ್ತು."

ಶಶಿಕಲಾ ಕಿಟಕಿಯ ಸರಳು ಹಿಡಿದುಕೊಂಡಳು.

"ನಾ ಸರಿ ಮಾಡಿದ ಮಷೀನನ್ನ ಆತ ಮ್ಯಾಲ ಮ್ಯಾಲ ಬಿಚ್ಚಿ ತೋರಸ್ತಿದ್ದ," ಎಂದಳು. "ಪರದೆ ಹಿಂದ ಕುಂತು ಆ ಸ್ಕ್ರೂ ಬಿಚ್ಚೋ ಸಪ್ಪಳ ನಾ ದಿನಾ ಕೇಳೀನಿ. ಒಮ್ಮಿ ಮಾಡಿದ್ದನ್ನ ಇನ್ನೊಮ್ಮಿ ಮಾಡಿ ತೋರಿಸಿದ್ರ ಆಮ್ಯಾಲ ಎಲ್ಲಾರೂ ಇನ್ನೊಮ್ಮಿ ಅಂತಾರ. ನಿನಗ ಆ ಸಪ್ಪಳ ಗೊತ್ತಾಗೋದು ಬ್ಯಾಡ."

ಬಸ್ಸು ಹೊರಟಾಗ ಮಲ್ಲಿಕಾ ಸರಳಿನ ಮೇಲಿದ್ದ ಅವಳ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು. ಶಶಿಕಲಾ ಹಿಂದಿರುಗಿ ಬಂದು ಸೆಂಟರಿನ ಬಾಗಿಲು ತೆಗೆದಳು. ಚಪ್ಪಲಿ ಹಾಕಿಕೊಂಡೇ ಒಳಗೆ ಬಂದವನೊಬ್ಬ ಏಳನೇ ಸೀಟು ಕೇಳಿದ.

"ಅದರಾಗ ಕಾರ್ಡು ಇಲ್ಲ, ಏನೂ ಇಲ್ಲ," ಎಂದಳು.

"ಗೊತ್ತದ್ರಿ. ಮಲ್ಲಿಕಾ ಆಡಿದ ಸೀಟು ಅದ ಅಲ್ಲೇನ್ರಿ?"

"ಮೊದಲ ಚಪ್ಪಲಿ ಹೊರಗ ಬಿಡು," ಎಂದಳು ಶಶಿಕಲಾ.